ಬಾಗಿಲಲ್ಲಿ ನಿಂತುಬಿಡುತ್ತಿದ್ದ ಅಂಚೆಯಕ್ಕ

ಇಪ್ಪತ್ತಾರು ವರ್ಷ ಕಾಗದ ಹಂಚಿದ ಆಕೆಯನ್ನು ಬೀದಿಯವರೆಲ್ಲ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಲಿಫ್ಟ್ ಎಂದರೆ ಅಂಚೆಯಕ್ಕನಿಗೆ ಆಗದು. ಐದನೇ ಮಹಡಿಗೂ ಮೆಟ್ಟಿಲು ಹತ್ತಿಯೇ ಹೋಗುವಳು.

ಐವತ್ತೆರಡನೇ ವಯಸ್ಸಿಗೆ ಆ ಕಾಲುಗಳೇ ಕೈಕೊಟ್ಟವು. ಪಾರ್ಕಿನ್ಸನ್ ಕಾಯಿಲೆ ಎಂದರು ವೈದ್ಯರು. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದಳು. ಬಾಗಿಲು ಎದುರಾಯಿತೋ, ಪಾದಕ್ಕೆ ಗೋಂದು ಮೆತ್ತಿದಂತೆ ನಿಂತುಬಿಡುತ್ತಿದ್ದಳು. ಒಮ್ಮೆ ಹೀಗೆ ಸಿಕ್ಕಿಕೊಂಡಾಗ ಹಿಂದಿದ್ದವನೊಬ್ಬ, "ಕುಡಿದು ಬಂದಿದ್ದೀರೇನ್ರಿ?" ಎಂದ. ಆ ವಾರವೇ ಚೀಲ ಒಪ್ಪಿಸಿ, ಕಚೇರಿಯಲ್ಲಿ ಮುದ್ರೆ ಒತ್ತಲು ಕುಳಿತಳು.

ಗಂಡ ದರ್ಜಿ. ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡಿನಿಂದ ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆ ಅಡ್ಡಗೆರೆ ಎಳೆದು, "ಇದನ್ನ ದಾಟು ನೋಡೋಣ" ಎಂದ. ಗೆರೆಯ ನೆಪಕ್ಕೆ ಕಾಲು ಏಳುತ್ತಿತ್ತು. ಆದರೆ ಊರಿಗೆಲ್ಲ ಗೆರೆ ಎಳೆಯಲಾದೀತೆ?

ದೊಡ್ಡಾಸ್ಪತ್ರೆಯೊಂದರಲ್ಲಿ ಹೊಸ ಪ್ರಯೋಗ ನಡೆದಿತ್ತು. ಮಿದುಳಿನೊಳಗೆ ಕೂದಲೆಳೆಯಂಥ ತಂತಿ, ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ. ಕಾಲು ಕಟ್ಟುವ ಸೂಚನೆ ಮಿದುಳಿನಲ್ಲಿ ಕಂಡ ಕೂಡಲೇ ಯಂತ್ರ ಅದನ್ನು ಗುರುತಿಸಿ ಸಣ್ಣ ವಿದ್ಯುತ್ ಮಿಡಿತ ಕಳಿಸಬೇಕು.

"ಅಂದ್ರೆ ನನ್ನ ತಲೇಲಿ ಅಂಚೆ ಕಚೇರಿ ತೆಗೀತೀರಾ?"

ಡಾಕ್ಟರಮ್ಮ ನಕ್ಕರು. "ಹೂಂ. ಆದ್ರೆ ಇದಿನ್ನೂ ಸಂಶೋಧನೆ. ಖಾತ್ರಿ ಕೊಡಕ್ಕಾಗಲ್ಲ."

ಗಂಡ ಮುಖ ಬಿಗಿದುಕೊಂಡ. "ತಲೆ ಕೊರೆಸ್ಕೊಳ್ಳೋದು ಗುಂಡಿ ಹೊಲಿದಂಗಾ?"

"ನಿಂತೂ ನಿಂತೂ ಸಾಕಾಗಿದೆ ಕಣ್ರೀ" ಎಂದು ಆಕೆ ಸಹಿ ಹಾಕಿದಳು.

ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿರಬೇಕಿತ್ತು. ಮಾತಾಡುತ್ತಿರಿ ಎಂದರು. ಅಂಚೆಯಕ್ಕ ತನ್ನ ಹಳೆಯ ಬೀದಿಯ ಮನೆಗಳನ್ನು ಒಂದೊಂದಾಗಿ ಹೇಳಿದಳು: ಯಾರ ಮನೆಯ ಗಂಟೆ ಕೆಟ್ಟಿದೆ, ಯಾರು ಪಾರ್ಸೆಲ್ಲಿಗೆ ಸಹಿ ಹಾಕಲು ಪೆನ್ನೇ ತರುವುದಿಲ್ಲ. ಚಾಡಿ ಕೇಳಿ ದಾದಿಯರಿಗೆ ನಗು ತಡೆಯಲಾಗಲಿಲ್ಲ.

ತಿಂಗಳ ಮೇಲೆ ಯಂತ್ರ ಚಾಲೂ ಮಾಡಿದಾಗ ನಾಲಿಗೆ ತೊದಲಿತು. ಮಿಡಿತ ತಗ್ಗಿಸಿದರೆ ಕಾಲು ಮತ್ತೆ ಹಿಡಿಯಿತು. ಗಂಡನ ಮುಖ ಬಾಡಿತು. ತಿದ್ದುವುದರಲ್ಲೇ ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ತಪಾಸಣೆಗೆ ಕಾಯುತ್ತಿದ್ದಾಗ ಆಕೆ, "ಬಂದೆ ಇರಿ" ಎಂದು ಎದ್ದು ಶೌಚಾಲಯಕ್ಕೆ ಹೋದಳು. ನಡುವೆ ಎರಡು ಬಾಗಿಲು. ಹಿಂತಿರುಗಿದರೆ ಬೆಂಚಿನ ಮೇಲೆ ಗಂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ.

"ಅಯ್ಯೋ, ಏನಾಯ್ತ್ರೀ?"

"ಬಾಗಿಲು ದಾಟಿದೆಯಲ್ಲೇ."

"ಯಾವ ಬಾಗಿಲು?" ಎಂದವಳು ತಿರುಗಿ ನೋಡಿ, ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಕಾಯಿಲೆಯೇನೂ ವಾಸಿಯಾಗಿಲ್ಲ. ಸಂಜೆಗೆ ಎಡಗೈ ನಡುಗುತ್ತದೆ, ದನಿ ಮೊದಲಿಗಿಂತ ತಗ್ಗಿದೆ. "ಅದೊಂದು ಉಪಕಾರ ಆಯ್ತು ಬಿಡು" ಎಂದು ನಾದಿನಿ ಛೇಡಿಸುತ್ತಾಳೆ. ಕಚೇರಿಯವರು ಒಂದು ಚಿಕ್ಕ ಬೀದಿಯನ್ನು ಆಕೆಗೆ ಮತ್ತೆ ಕೊಟ್ಟಿದ್ದಾರೆ, ಮೂವತ್ತೊಂದು ಮನೆ. ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಸಿ ಬರುತ್ತಾಳೆ.