ಹೂಂ ಅನ್ನುವವರಿದ್ದರೆ ಕಥೆ

ಬಬಲೇಶ್ವರದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಸೀಟೆಲ್ಲ ತುಂಬಿದ್ದವು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೀಟು ಹರಿದುಕೊಟ್ಟ. ಕೈಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು. ಸಾರವಾಡದಲ್ಲಿ ಒಬ್ಬಳು ಇಳಿದ ಮೇಲೆ ಕೂತೆ.

ಹೊರಟಿದ್ದು ತಿಕೋಟಾಕ್ಕೆ, ಮಗಳ ಮನೆಗೆ. ಹಬ್ಬವೂ ಅಲ್ಲ, ಮದುವೆಯೂ ಅಲ್ಲ. ಮೊಮ್ಮಗಳು ರೇಣುಕಾ ಮನೆಯಲ್ಲಿ ತಲೆನೋವು ಬರುವಷ್ಟು ಮಾತಾಡುತ್ತಾಳೆ. ಸಾಲಿಯಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಹೀಗೇ ಇದ್ದರೆ ಒಂದನೇ ತರಗತಿಗೆ ಕಳಿಸುವುದಿಲ್ಲ, ಇನ್ನೊಂದು ವರ್ಷ ಸಣ್ಣ ಮಕ್ಕಳ ಜೊತೆಗೇ ಕೂರಲಿ ಎಂದು ಟೀಚರು ಹೇಳಿದ್ದರು. ಅದೇ ವಾರ ಅಜ್ಜಿಯರನ್ನು ಕರೆಸಿ ಮಕ್ಕಳಿಗೆ ಕಥೆ ಹೇಳಿಸುವುದೆಂದು ಸಾಲಿಯವರು ಗೊತ್ತು ಮಾಡಿದರು. ಮಗಳು ಫೋನು ಮಾಡಿ, "ನೀನ ಬಾ ಬೇ. ನಿನ್ನ ನೋಡಿಯರ ಬಾಯಿ ಬಿಡತಾಳ" ಎಂದಳು.

"ನಾ ಮೂರನೇತ್ತ ಕಲತಾಕಿ. ಸಾಲ್ಯಾಗ ಏನ ಹೇಳಲಿ?"

"ಮನ್ಯಾಗ ಹೇಳೂದನ್ನ ಹೇಳು."

ವಿಜಯಪುರದಲ್ಲಿ ಇಳಿದು ಆಟೋದಲ್ಲಿ ಗಾಂಧಿ ಚೌಕಕ್ಕೆ ಹೋದೆ. ಮೊಮ್ಮಗಳಿಗೆ ಬೆಂಡು ಬತ್ತಾಸ ಕೊಂಡೆ. ಅದೇ ಆಟೋದವನು ವಾಪಸ್ಸು ಬಸ್ ಸ್ಟ್ಯಾಂಡಿಗೆ ಬಿಡುವಾಗ, ಯಾವ ಕಡೆಗೆ, ಏನು ಕೆಲಸಕ್ಕೆ ಎಂದು ಕೇಳಿದ. ತಿಕೋಟಾಕ್ಕೆ, ಸಾಲಿಯಲ್ಲಿ ಕಥೆ ಹೇಳಲಿಕ್ಕೆ ಎಂದೆ. ಜೋರಾಗಿ ನಕ್ಕ.

"ಈಗಿನ ಹುಡುಗ್ರು ಕಥಿ ಕೇಳತಾವನ ಆಯಿ? ಕೈಯಾಗ ಮೊಬೈಲ್ ಕೊಡ್ರಿ, ಸುಮ್ಮ ಆಗತಾವು."

"ಸುಮ್ಮ ಆಗೂದ ಬ್ಯಾಡಾಗೇತೋ ಯಪ್ಪಾ" ಎಂದೆ.

ತಿಕೋಟಾದ ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ. ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್ಡುಗಳಿಗೆ ಹಸಿರು ಪರದೆ ಕಟ್ಟಿದ್ದರು. ಬಿಸಿಲಿಗೆ ಬಸ್ಸಿನ ಸರಳು ಮುಟ್ಟಲು ಆಗುತ್ತಿರಲಿಲ್ಲ. ಮಗಳ ಮನೆಯಲ್ಲಿ ಮಜ್ಜಿಗೆ ಕುಡಿದು ನೇರ ಸಾಲಿಗೆ ಹೋದೆ.

ರೇಣುಕಾಳ ಶಬಾನಾ ಟೀಚರು ಇನ್ನೂ ಸಣ್ಣ ವಯಸ್ಸಿನವಳು. ಕುರ್ಚಿ ಹಾಕಿ ಕೂರಿಸಿ, ಮೆಲ್ಲಗೆ, "ರಾಕ್ಷಸಿ ಗೀಕ್ಷಸಿ ಬ್ಯಾಡ್ರಿ ಆಯಿ. ಕೂಸುಗಳು ಅಂಜತಾವು" ಎಂದಳು.

"ಅಂಜಲಿ ಬಿಡವ್ವ. ಕಥ್ಯಾಗ ಅಂಜಿದ್ರ ಬಾಜೂಕ ನಾವ ಕುಂತಿರತೇವಿ. ಮುಂದ ಖರೇನ ಅಂಜೂ ವ್ಯಾಳ್ಯಾ ಬಂದಾಗ ಯಾರ ಇರತಾರ?"

ಆಕೆ ಸರಿದು ಬಾಗಿಲಲ್ಲಿ ನಿಂತಳು. ನಾನು ಶುರುಮಾಡಿದೆ. ಒಂದು ಊರಿನ ಬಾವಿಯಲ್ಲಿ ಒಬ್ಬ ರಾಕ್ಷಸಿ. ಆಕೆ ಊರಿನ ಹುಂಜವನ್ನು ನುಂಗಿಬಿಟ್ಟಳು. ಹುಂಜ ಕೂಗದೆ ಬೆಳಕೇ ಹರಿಯಲಿಲ್ಲ. ಇಷ್ಟು ಹೇಳಿ ತಲೆಯೆತ್ತಿದರೆ, ಮಕ್ಕಳೆಲ್ಲ ತುಟಿಯ ಮೇಲೆ ಬೆರಳಿಟ್ಟುಕೊಂಡು ಗೊಂಬೆಗಳ ಹಾಗೆ ಕೂತಿದ್ದವು. ರೇಣುಕಾ ಕಡೆಯ ಸಾಲಿನಲ್ಲಿ. ಒಂದು ಹೂಂ ಇಲ್ಲ, ಹಾಂ ಇಲ್ಲ. ನಮ್ಮ ಕಡೆ ಕೇಳುವವರು ಹೂಂಗುಡದೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮವ್ವ ಹಾಗೆ ಹೇಳಿದ್ದು, ನಾನೂ ಹಾಗೇ ಹೇಳಿದ್ದು. ಚೀಲ ಎತ್ತಿಕೊಂಡು ಎದ್ದೆ.

"ಯಾಕ್ರಿ ಆಯಿ? ಎಷ್ಟ ಶಿಸ್ತಲೆ ಕೇಳಾಕತ್ತಾವು!" ಎಂದಳು ಟೀಚರು.

"ಹೂಂ ಅನ್ನವರ ಇಲ್ಲಂದ್ರ ಯಾರಿಗೆ ಹೇಳಲಿ? ಗ್ವಾಡಿಗೆ?"

ಬಾಗಿಲ ಕಡೆ ತಿರುಗಿದೆ. ಆಗ ಕಡೆಯ ಸಾಲಿನಿಂದ, ಸಣ್ಣಗೆ, "ಹೂಂ."

ರೇಣುಕಾ! ಬೆರಳು ತುಟಿಯ ಮೇಲೇ ಇತ್ತು. ಹೂಂ ಅನ್ನಲಿಕ್ಕೆ ಬಾಯಿ ತೆರೆಯಬೇಕೆಂದಿಲ್ಲ ನೋಡಿ. ಪಕ್ಕದ ಹುಡುಗಿ ಆಕೆಯನ್ನು ನೋಡಿ ತಾನೂ ಹೂಂ ಎಂದಳು. ಆಮೇಲೆ ಇಡೀ ವರ್ಗ.

ಚೀಲ ಇಟ್ಟು ಕೂತೆ. ಹುಂಜವನ್ನು ಬಿಡಿಸಲು ಊರಿನ ಸಣ್ಣ ಹುಡುಗಿಯೊಬ್ಬಳನ್ನು ಬಾವಿಗೆ ಇಳಿಸಿದೆ. ಟೀಚರು ಬಾಗಿಲಲ್ಲಿ ನಿಂತು ನೋಡುತ್ತಿದ್ದುದಕ್ಕೋ, ಬಿಸಿಲಿಗೋ, ನನಗೆ ಗಡಿಬಿಡಿ. "ರಾಕ್ಷಸಿ ಆಕ್ಷೀ ಅಂತ ಸೀನಿದಳು, ಹುಂಜ ಹೊರಗ ಬಿತ್ತು" ಎಂದುಬಿಟ್ಟೆ.

ರೇಣುಕಾ ಎದ್ದು ನಿಂತಳು. "ಖಾರಪುಡಿ ಎಲ್ಲಿ ಬಿಟ್ಟಿ ಬೇ? ಆ ಹುಡುಗಿ ರಾಕ್ಷಸಿ ಮೂಗಿಗೆ ಖಾರ ತೂರತಾಳ, ಆಮ್ಯಾಲ ಆಕಿ ಸೀನತಾಳ. ಖಾರ ಇಲ್ದ ಹ್ಯಾಂಗ ಸೀನತಾಳ?"

"ಹಂಗಾರ ನೀನ ಹೇಳು" ಎಂದೆ.

ಹೇಳಿದಳು. ನನಗಿಂತ ಚೆನ್ನಾಗಿ ಸೀನಿದಳು. ಹುಂಜ ಕೂಗಿದಾಗ ಮಕ್ಕಳೆಲ್ಲ ಕೂಗಿದವು, ಪಕ್ಕದ ಕೋಣೆಯ ಮಾಸ್ತರರು ಏನಾಯಿತೆಂದು ಓಡಿಬಂದರು.

ಶಬಾನಾ ಟೀಚರು ಗೇಟಿನವರೆಗೆ ಬಂದಳು. "ನಮ್ಮ ನಾನೀ, ನಮ್ಮ ತಾಯಿಯ ಅವ್ವ, ಆಕೀನೂ ಹೂಂ ಅನ್ನದಿದ್ರ ಕಥಿ ನಿಲ್ಲಸತಿದ್ದಳ್ರಿ. ಮರತಬಿಟ್ಟಿದ್ದೆ. ಬೆರಳ ಇಡಸಿದಾಕಿ ನಾನ, ಮಾತಾಡವಲ್ಲಳು ಅಂದಾಕೀನೂ ನಾನ."

"ರೇಣುಕಾಂದ ಏನ ಮಾಡತಿ?"

"ಒಂದನೇತ್ತಕ್ಕ ಕಳಸತೇನ್ರಿ. ಮತ್ತ ನೀವು ಯಾವಾಗ ಬರತೀರಿ?"

"ರೊಕ್ಕಾ ಇಲ್ದ ಬಸ್ಸೈತಿ. ಕರದಾಗ ಬರತೇನಿ."

ಮರುದಿನ ರವಿವಾರ. ರೇಣುಕಾ ನನ್ನ ಜೊತೆಗೇ ಹೊರಟಳು. ವಿಜಯಪುರದಲ್ಲಿ ಬಸ್ಸು ಬದಲಿಸಿ ಬಬಲೇಶ್ವರದ ಬಸ್ಸು ಹತ್ತಿದೆವು. ಬತ್ತಾಸ ಕಡಿಯುತ್ತ ಆಕೆ ಅದೇ ಕಥೆ ತೆಗೆದಳು. ಈಗ ಬಾವಿಯಲ್ಲಿ ರಾಕ್ಷಸಿಯರು ಇಬ್ಬರಾಗಿದ್ದರು. ಸಾರವಾಡ ಬರುವಷ್ಟರಲ್ಲಿ ನನಗೆ ಜೊಂಪು ಹತ್ತಿತು. ಮೊಣಕೈಯಿಂದ ತಿವಿದು ಜೋರಾಗಿ, "ಹೂಂ ಅನ್ನವರ ಇಲ್ಲಂದ್ರ ಯಾರಿಗೆ ಹೇಳಲಿ? ಗ್ವಾಡಿಗೆ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ, ಸರಳಿಗೆ ಒರಗಿ ನಿಂತಿದ್ದ ಕಂಡಕ್ಟರ್, "ಹೂಂ, ಮುಂದ?" ಎಂದ.