ಸೀಲ್ ಚರ್ಮದ ಕೈಗವಸು

ಇದನ್ನು ಕಟ್ಟುಕಥೆ ಅನ್ನುವವರು ಅನ್ನಲಿ. ನಾನೇ ಕಟ್ಟುವುದಾಗಿದ್ದರೆ ನನ್ನನ್ನು ಇಷ್ಟು ಸಣ್ಣವನನ್ನಾಗಿ ಖಂಡಿತ ತೋರಿಸಿಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ. ಅಮೆರಿಕದ ಮಾರಿಸ್‌ಟೌನ್‌ನ ಒಂದು ಕಂಪನಿಯಲ್ಲಿ ನಾನು ಎಂಜಿನಿಯರ್. ಉತ್ತರ ಧ್ರುವದ ಕಡೆಯ ಆರ್ಕ್ಟಿಕ್ ಹಳ್ಳಿಗಳಿಗೆ ಟೆಲಿಫೋನ್ ಸಂಪರ್ಕ ಕೊಡುವುದು ನಮ್ಮ ಕೆಲಸ. ಅಂಥದೊಂದು ಹಳ್ಳಿಯಿಂದ ತರಬೇತಿಗೆ ಬಂದಿದ್ದ ಜೋನಾನನ್ನು ಒಂದು ಭಾನುವಾರ ಊಟಕ್ಕೆ ಕರೆದೆ. ಸಾರನ್ನ ಉಂಡು ತನ್ನೂರಿನ ಕಷ್ಟ ಹೇಳಿಕೊಂಡ. ಹೊರಗಿನವರು ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಕೊಳ್ಳುವುದನ್ನು ಬಿಟ್ಟ ಮೇಲೆ, ಬೇಟೆಗೆ ಹೋಗುವ ಹಿಮದ ಬಂಡಿ ಸ್ನೋಮೊಬೈಲ್‌ಗೆ ಪೆಟ್ರೋಲ್ ಹಾಕಿಸಲೂ ಆಗುತ್ತಿಲ್ಲವಂತೆ. ಅಂಗಡಿಯ ಡಬ್ಬದ ಆಹಾರಕ್ಕೋ, ಬಾಯಿಗೆ ಬಂದ ಬೆಲೆ. ಸೀಲ್ ಬೇಟೆ ನಿಲ್ಲಿಸಿ ಎಂಬ ಅರ್ಜಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಸಹಿ ಹಾಕಿ ಬೀಗಿದ್ದವನು ನಾನು. ಅವನಿಗೆ ಇನ್ನಷ್ಟು ಸಾರು ಬಡಿಸಿದೆ.

ಹೊರಡುವಾಗ ತನ್ನ ತಾಯಿ ಹೊಲಿದ ಕೈಗವಸು ಕೊಟ್ಟ. ಬೂದು ಚರ್ಮ, ಹೆಬ್ಬೆರಳ ಬುಡದಲ್ಲಿ ಕೆಂಪು ದಾರದ ಹೊಲಿಗೆ, ಮೀನೆಣ್ಣೆಯಂಥ ವಾಸನೆ...

"ರೀ, ದೇವರ ಮನೆ ಹತ್ರ ಮಾತ್ರ ಇಡ್ಬೇಡಿ," ಎಂದಳು ಹೆಂಡತಿ. ಗರಾಜಿನಲ್ಲಿ ಇಡಬಹುದಿತ್ತು. ನಾನು ಕಸದ ಚೀಲಕ್ಕೆ ಹಾಕಿದೆ. ಮರುದಿನ ಲಾರಿ ಅದನ್ನು ಒಯ್ದದ್ದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ಆಗ ನನ್ನ ಕಾಲಲ್ಲಿದ್ದದ್ದು ದನದ ಚರ್ಮದ ಶೂ.

ಜೋನಾ ಊರಿಗೆ ಮರಳಿದ ಮೇಲೆ, ಡಿಸೆಂಬರ್‌ನ ಒಂದು ಸಂಜೆ. ಐದಕ್ಕೇ ಕಗ್ಗತ್ತಲು, ಹಿಮಗಾಳಿ. ಹಿತ್ತಲಲ್ಲಿ ಆಡುತ್ತಿದ್ದ ಆರು ವರ್ಷದ ಮಗಳು ಶುಭಾ ಕಾಣಲಿಲ್ಲ. ಅವಳ ಉಲ್ಲನ್ ಗ್ಲೌಸ್ ಅಡುಗೆಮನೆಯ ಮೇಜಿನ ಮೇಲೇ ಇತ್ತು. ಟಾರ್ಚ್ ಹಿಡಿದು ಕೂಗುತ್ತಾ ಅಲೆದೆ. ಅರ್ಧ ಗಂಟೆ... ಒಂದು ಗಂಟೆ... ಆಗ ಗಾಳಿಯಲ್ಲಿ ತೇಲಿ ಬಂತು, ಮೀನೆಣ್ಣೆಯ ವಾಸನೆ.

ಅದರ ಜಾಡು ಹಿಡಿದು ಮನೆಯ ಹಿಂದಿನ ಮರಗಳ ನಡುವೆ ನುಗ್ಗಿದೆ. ಹಿಮದ ಗುಂಡಿಯೊಂದರಲ್ಲಿ ಶುಭಾ ಕುಳಿತಿದ್ದಳು. ಕೆನ್ನೆ ಮಂಜುಗಡ್ಡೆ. ಕೈಗಳು ಮಾತ್ರ ಬೆಚ್ಚಗೆ... ಮೊಣಕೈವರೆಗೂ ಅದೇ ಕೈಗವಸು, ಅದೇ ಕೆಂಪು ಹೊಲಿಗೆ.

"ಯಾರು ಪುಟ್ಟಾ ಹಾಕಿದ್ದು?"

"ಆನ್ ಓಲ್ಡ್ ಲೇಡಿ," ಎಂದು ಪಿಸುಗುಟ್ಟಿದಳು. "ಅಪ್ಪಾ, ವೈ ಡಿಡ್ ಯು ಥ್ರೋ ದೆಮ್ ಅವೇ?"

ಎಸೆದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಹಿಮದ ಮೇಲೆ ಅವಳ ಪುಟ್ಟ ಹೆಜ್ಜೆಗಳನ್ನು ಬಿಟ್ಟರೆ ಬೇರೆ ಗುರುತಿರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗದೆ, ಎತ್ತಿಕೊಂಡು ಮನೆಗೆ ಬಂದೆ.

ಮೂರನೆಯ ದಿನ ಜೋನಾ ಫೋನ್ ಮಾಡಿದ. "ಅಮ್ಮ ಕೇಳ್ತಿದ್ದಾಳೆ, ಕೈಗವಸು ಉಪಯೋಗಕ್ಕೆ ಬಂತಾ ಅಂತ."

"ಬಂತು," ಎಂದೆ.

"ಒಳ್ಳೇದಾಯ್ತು. ಅವಳಿಗೇ ಹುಷಾರಿಲ್ಲ. ಮೂರು ದಿನದಿಂದ ಒಲೆ ಮುಂದೆ ಕೂತ್ರೂ ಕೈ ಬೆಚ್ಚಗಾಗ್ತಿಲ್ಲ..."

ಎಸೆದಿದ್ದೆ ಎಂದು ಆಗ ಹೇಳಬೇಕಿತ್ತು. ನಾನು ಅಲ್ಲಿಯ ಹವಾಮಾನ ವಿಚಾರಿಸಿ ಫೋನ್ ಇಟ್ಟೆ.