ಆ ದಿನ ಬೇಡ ಎಂದವರು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಪಕ್ಕಕ್ಕೆ ಬಾಗಿತ್ತು. ಸಿಟ್ಟಿನಲ್ಲಿ ನಮ್ಮತ್ತ ಬೆರಳು ಚಾಚಿದರೆ ಅದು ಪಕ್ಕದಲ್ಲಿ ನಿಂತವರನ್ನು ತೋರಿಸುತ್ತಿತ್ತು. ಹಾಗಾಗಿ ಒಬ್ಬರು ತಪ್ಪು ಮಾಡಿದರೆ ಇಬ್ಬರು ತಲೆ ತಗ್ಗಿಸುತ್ತಿದ್ದೆವು. ಕಾಲೇಜಿನ ದಿನಗಳಲ್ಲಿ ಕಾರವಾರದಲ್ಲಿ ಹಾಯಿದೋಣಿ ಕಲಿಯುವಾಗ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಿದ್ದರಂತೆ. ಗಾಳಿ ಒಮ್ಮೆ ಎಳೆದದ್ದಕ್ಕೆ ಬೆರಳು ಹಾಗಾಯಿತು. ನಮ್ಮಲ್ಲಿ ಯಾರಾದರೂ ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಛಟ್ಟನೆ ಹೊಡೆಯುತ್ತಿದ್ದರು. ನಲವತ್ತು ದಾಟಿದ ನನಗೂ ಹೊಡೆದಿದ್ದಾರೆ.

ಭದ್ರಾವತಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತರಾದವರು ಅವರು. ಊರಿಗೆಲ್ಲ ಪಿ.ಟಿ. ಮೇಡಂ. ಕಡಲ ತೀರದಲ್ಲಿ ಹುಟ್ಟಿ, ಕಾರ್ಖಾನೆಯಲ್ಲಿ ದುಡಿಯುವ ಗಂಡನನ್ನು ಕಟ್ಟಿಕೊಂಡು ಭದ್ರಾವತಿಗೆ ಬಂದಿದ್ದರು. ನಿವೃತ್ತಿಯಾದ ಮೇಲೆ ಶಿವಮೊಗ್ಗದ ಕೆಲವರು ಸೇರಿ ಹಾಯಿದೋಣಿ ಕ್ಲಬ್ಬು ಕಟ್ಟಿದಾಗ ಕಲಿಸಲು ಕರೆದದ್ದು ಇವರನ್ನೇ. ನಾನು ಶಿವಮೊಗ್ಗದ ಆಲ್ಕೊಳದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವಳು. ದಿನವಿಡೀ ಕೌಂಟರಿನ ಹಿಂದೆ ನಿಂತು ನಿಂತು ಬೇಸತ್ತು ಸೇರಿದೆ. ಪ್ರತಿ ಭಾನುವಾರ ಗಾಜನೂರಿನ ಹಿನ್ನೀರಿನಲ್ಲಿ ಅವರಿಂದ ಬೈಸಿಕೊಳ್ಳುವುದೇ ನನಗೆ ವಾರದ ಸಂಭ್ರಮವಾಯಿತು.

ಬೈಗುಳ ಎಂದರೆ ಅಂತಿಂಥದ್ದಲ್ಲ. ಒಮ್ಮೆ ನಾನು ದೋಣಿಯಲ್ಲಿ ಕೂತು ಫೋಟೊ ತೆಗೆಯಲು ಹೋದೆ. ದಡದಿಂದಲೇ ಕೂಗಿದರು. "ಏ ಮಾರಾಯ್ತಿ, ಒಂದ್ ಕೈ ಚುಕ್ಕಾಣಿಗೆ, ಒಂದ್ ಕೈ ಹಗ್ಗಕ್ಕೆ. ಫೋನಿಗೆ ಅಂತ ಮೂರನೇದು ಮನೆಯಿಂದ ತಂದಿದೀಯೇನು?" ಬೈದು ಮುಗಿಸಿ, ಎಲ್ಲರೂ ನೀರಿನಿಂದ ಮೇಲೆ ಬಂದ ನಂತರ ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆಯುತ್ತಿದ್ದರು. ಕೊನೆಯವರು ದಡ ಸೇರುವ ತನಕ ಆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಎರಡನೆಯ ವರ್ಷ ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಆಸೆ ಹುಟ್ಟಿತು. ಮೇಡಂ ಜೊತೆ ನಾವು ಎಂಟು ಜನ, ನಾಲ್ಕು ಪುಟ್ಟ ದೋಣಿಗಳಲ್ಲಿ ಹೊನ್ನಾವರದ ಕಡೆಯ ಕಡಲಿಗಿಳಿದು, ದಡದಿಂದ ಕಾಣುವ ದ್ವೀಪಕ್ಕೆ ಹೋಗಿ ಬರುವುದು. ಅಧ್ಯಕ್ಷರು ವಿದ್ಯಾನಗರದ ವ್ಯಾಪಾರಿ. ನನ್ನ ಅಂಗಡಿಯಿದ್ದ ಕಟ್ಟಡ ಅವರದೇ. ಮೇಡಂ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆವು. ಅವರ ಕಣ್ಣು ಹೊಳೆಯಿತು. "ಹೋಗಣ. ಆದ್ರೆ ನಾ ಹೇಳ್ದಂಗೆ" ಎಂದರು.

ಆರು ತಿಂಗಳು ತಯಾರಿ ನಡೆಯಿತು. ಭದ್ರಾವತಿಯ ಅವರ ಮನೆಯ ಜಗಲಿಯಲ್ಲಿ ನಕಾಶೆ ಹಾಸಿಕೊಂಡು ಕೂರುತ್ತಿದ್ದೆವು. "ಹೋಗೋದನ್ನ ಯಾರ್ ಬೇಕಾದ್ರೂ ಪ್ಲಾನ್ ಮಾಡ್ತಾರೆ. ವಾಪಸ್ ಬರೋದನ್ನ ಮೊದ್ಲು ಬರೀರಿ" ಎನ್ನುತ್ತಿದ್ದರು. ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಮೆಲುಗಾಳಿಯಲ್ಲಿ ಹೊರಡಬೇಕು. ಮಧ್ಯಾಹ್ನ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿದಾಗ ಅದರ ಜೊತೆಯಲ್ಲೇ ಮರಳಬೇಕು. ಹಾಯಿಯ ಹಗ್ಗವನ್ನು ಎಂದೂ ದೋಣಿಗೆ ಕಟ್ಟಬಾರದು, ಕೈಯಲ್ಲೇ ಹಿಡಿದಿರಬೇಕು. ಜೋರು ಗಾಳಿ ಬಂದರೆ ಸಡಿಲ ಬಿಡಲು ಆಗಬೇಕಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದರು. ಒಬ್ಬರೇ ಒಬ್ಬರು ಬೇಡ ಎಂದರೂ ಆ ದಿನ ಯಾರೂ ಹೊರಡುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಎಂಟೂ ಜನ ಅದರ ಕೆಳಗೆ ಸಹಿ ಹಾಕಿದೆವು. ನನ್ನದು ಮೂರನೆಯ ಸಹಿ.

ಆ ಸಹಿ ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಲಾರಿಯಲ್ಲಿ ದೋಣಿಗಳನ್ನು ಹೇರಿಕೊಂಡು, ಸಾಗರ, ಜೋಗ ದಾಟಿ ಘಟ್ಟ ಇಳಿದು ಹೋದೆವು. ಮರುದಿನ ಬೆಳಿಗ್ಗೆ ಕಡಲ ದಡದಲ್ಲಿ ಮೇಡಂ ನಮಗಿಂತ ಮೊದಲೇ ನಿಂತಿದ್ದರು. ಸೆರಗು ಸಮುದ್ರದ ಕಡೆಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

"ಇವತ್ತು ಬೇಡ" ಎಂದರು.

ಅಧ್ಯಕ್ಷರು ನಕ್ಕರು. "ಏನ್ ಮೇಡಂ ಹಿಂಗಂತೀರಿ? ಆಕಾಶ ನೋಡಿ, ಎಷ್ಟ್ ಚೆನ್ನಾಗಿದೆ."

"ಆಕಾಶದ ಮೇಲೆ ಹೋಗ್ತಿಲ್ಲ ನಾವು. ನೆಲದ ಗಾಳಿ ಇಷ್ಟು ಜೋರಾಗಿ ಬೀಸಬಾರದು. ಇದು ತಳ್ಳೋದು ಆಚೆಗೆ. ದ್ವೀಪ ತಪ್ಪಿದ್ರೆ ಅದರಾಚೆ ಹಿಡ್ಕೊಳ್ಳೋಕೆ ಏನೂ ಇಲ್ಲ."

"ಎಲ್ಲಾರೂ ರಜೆ ಹಾಕ್ಕೊಂಡು ಬಂದಿದಾರೆ. ಪೇಪರಿನವರಿಗೂ ಹೇಳಿಯಾಗಿದೆ. ನಿಮಗೆ ವಯಸ್ಸಾಯ್ತು ಮೇಡಂ, ಹೆದರಿಕೆ ಆಗೋದು ಸಹಜ. ನೀವು ರೂಮಲ್ಲಿ ರೆಸ್ಟ್ ತಗೊಳ್ಳಿ, ನಾವು ಹೋಗ್ಬಿಟ್ ಬರ್ತೀವಿ."

ಮೇಡಂ ನಮ್ಮ ಕಡೆ ತಿರುಗಿದರು. ಒಬ್ಬೊಬ್ಬರ ಮುಂದೆಯೂ ನಿಂತು "ನೀವು?" "ನೀವು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನನ್ನ ಮುಂದೆ ಬಂದಾಗ "ನೀನು?" ಎಂದರು. ನಾನು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡುವವಳ ಹಾಗೆ ತಲೆ ಬಗ್ಗಿಸಿದೆ. ಪಟ್ಟಿ ಆಗಲೇ ಬಿಗಿಯಾಗಿತ್ತು. ಅವರು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದು ಹೋಗಿಬಿಟ್ಟರು.

ನಾನು ಅಧ್ಯಕ್ಷರ ದೋಣಿಯಲ್ಲಿದ್ದೆ. ಅರ್ಧ ದಾರಿ ದಾಟುವ ತನಕ ಎಲ್ಲ ಸರಿಯಾಗಿಯೇ ಇತ್ತು. ಅಧ್ಯಕ್ಷರಿಗೆ ಕೈ ನೋವು ಬಂತು. ಹಾಯಿಯ ಹಗ್ಗವನ್ನು ದೋಣಿಯ ಕೊಂಡಿಗೆ ಗಂಟು ಹಾಕಿ ಬಿಟ್ಟರು. "ಸರ್, ಕಟ್ಟಬಾರದು" ಎಂದೆ. "ಐದೇ ನಿಮಿಷ" ಎಂದರು. ಐದು ನಿಮಿಷವೂ ಆಗಲಿಲ್ಲ. ಒಂದೇ ಬೀಸಿಗೆ ಹಾಯಿ ನೀರಿಗೆ ಬಡಿಯಿತು, ದೋಣಿ ಮಗುಚಿತು. ಉಪ್ಪುನೀರು ಕುಡಿದು ಕೆಮ್ಮುತ್ತ ಮೇಲೆ ಬಂದಾಗ ಮಗುಚಿದ ದೋಣಿಯ ಬೆನ್ನು ಹಿಡಿಯಲು ಸಿಕ್ಕಿತು. ಉಳಿದ ಮೂರು ದೋಣಿಗಳು ದ್ವೀಪದ ಹತ್ತಿರವಿದ್ದವು. ಆ ಗಾಳಿಗೆ ಎದುರಾಗಿ ಅವು ಹಿಂದೆ ಬರುವಂತಿರಲಿಲ್ಲ. ನಾವು ನೋಡನೋಡುತ್ತಲೇ ದ್ವೀಪ ಪಕ್ಕಕ್ಕೆ ಸರಿಯಿತು. ನಾವು ಅದರಾಚೆಗೆ ತೇಲಿಹೋಗುತ್ತಿದ್ದೆವು. ಅಧ್ಯಕ್ಷರು ದೇವರ ಹೆಸರುಗಳನ್ನೆಲ್ಲ ಕರೆಯುತ್ತಿದ್ದರು. ನನ್ನ ಬೆರಳುಗಳು ಮರಗಟ್ಟಿದವು. ಮಗಳ ಮುಖ ನೆನೆಯಲು ಪ್ರಯತ್ನಿಸಿದೆ, ನೆನಪಾಗಲಿಲ್ಲ. ಅಷ್ಟು ಭಯ.

ಎಷ್ಟು ಹೊತ್ತಾಯಿತೋ, ದಡದ ಕಡೆಯಿಂದ ಮೋಟಾರು ದೋಣಿಯೊಂದು ನೇರವಾಗಿ ನಮ್ಮತ್ತಲೇ ಬಂತು. ವಯಸ್ಸಾದ ಮೀನುಗಾರ, ಮಾತಿಲ್ಲದ ಮನುಷ್ಯ. ನಮ್ಮಿಬ್ಬರ ರಟ್ಟೆ ಹಿಡಿದು ಎಳೆದು ಹಾಕಿದರು. ನಮ್ಮ ದೋಣಿಯನ್ನು ಹಿಂದಕ್ಕೆ ಕಟ್ಟಿಕೊಂಡು ದ್ವೀಪಕ್ಕೆ ಬಿಟ್ಟರು.

ಬಟ್ಟೆ ಒಣಗುವ ಮೊದಲೇ ಅಧ್ಯಕ್ಷರಿಗೆ ದನಿ ಬಂದಿತ್ತು. "ಇದು ಇಲ್ಲೇ ಇರ್ಲಿ. ಹೊರಗೆ ಹೋದ್ರೆ ಕ್ಲಬ್ ಮುಚ್ಚಿಸ್ತಾರೆ. ಏನಂತೀರಿ?" ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮಧ್ಯಾಹ್ನ ಕಡಲ ಗಾಳಿ ಹಿಡಿದು ಮರಳಿದೆವು. ದಡದಲ್ಲಿ ನಗುನಗುತ್ತ ಫೋಟೊ ತೆಗೆಸಿಕೊಂಡೆವು. ಮರುದಿನ ಪೇಪರಿನಲ್ಲಿ ಬಂತು.

ಮುಂದಿನ ತಿಂಗಳು ವಿದ್ಯಾನಗರದ ಸಭಾಂಗಣದಲ್ಲಿ ನಮಗೆಲ್ಲ ಶಾಲು ಹೊದೆಸಿ ಸನ್ಮಾನ. ಮೇಡಂ ಅವರನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು ಮೈಕು ಹಿಡಿದು, "ನಮ್ಮಲ್ಲಿ ಕೆಲವರಿಗೆ ನೀರು ನೋಡಿದ್ರೆ ಜ್ವರ ಬರುತ್ತೆ. ಅಂಥವರು ಬಸ್ ಹತ್ತಿ ಭದ್ರಾವತಿಗೆ ಹೋಗಿ ಕಷಾಯ ಕುಡಿದ್ರು" ಎಂದರು. ಸಭೆ ಗೊಳ್ಳೆಂದಿತು. ನನ್ನನ್ನು ನೀರಿನಲ್ಲಿ ಮುಳುಗಿಸಿದ ಮನುಷ್ಯ, ಆ ದಿನ ದೇವರ ಕಾಲು ಹಿಡಿದಿದ್ದ ಮನುಷ್ಯ, ಮೀಸೆ ತಿರುವಿಕೊಂಡು ನಿಂತಿದ್ದ. ನಾನು ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದೆ. ನಾನೂ ನಕ್ಕೆ. ಮೇಡಂ ಎದ್ದು ಹೋದದ್ದನ್ನು ನೋಡಿಯೂ ನಕ್ಕೆ. ಆ ಮನುಷ್ಯನ ಮೇಲಿನ ಸಿಟ್ಟಿಗೆ ಪಾಲುದಾರರು ಬಹಳ ಜನ ಇರಬಹುದು. ನನ್ನ ಮೇಲಿನ ಸಿಟ್ಟು ಮಾತ್ರ ನನ್ನೊಬ್ಬಳದೇ.

ಐದು ತಿಂಗಳು ಅವರ ಮುಖ ನೋಡಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಎರಡನೆಯ ಯಾನ ಘೋಷಿಸಿದರು. ಈ ಬಾರಿ ಶಂಕರಘಟ್ಟದ ವಿಶ್ವವಿದ್ಯಾಲಯದ ಹನ್ನೆರಡು ವಿದ್ಯಾರ್ಥಿಗಳು. ಅವರಲ್ಲೊಬ್ಬಳು ಅಂಗಡಿಗೆ ಬಂದು ವಾಂತಿ ತಡೆಯುವ ಮಾತ್ರೆ ಕೇಳಿದಳು. "ಮೇಡಂ, ನೀವೂ ಹೋಗಿದ್ರಂತೆ ಅಲ್ವಾ? ಏನೂ ತೊಂದ್ರೆ ಆಗ್ಲಿಲ್ವಾ?"

"ಇಲ್ಲಮ್ಮ, ಏನೂ ಆಗ್ಲಿಲ್ಲ" ಎಂದೆ. ಬಾಯಿಗೆ ಅಷ್ಟು ಅಭ್ಯಾಸವಾಗಿಹೋಗಿತ್ತು.

ಅವಳು ಮೆಟ್ಟಿಲಿಳಿದು ಹೋದದ್ದೇ ತಡ, ಷಟರ್ ಎಳೆದು ಭದ್ರಾವತಿಯ ಬಸ್ಸು ಹತ್ತಿದೆ.

ಮೇಡಂ ಜಗಲಿಯಲ್ಲಿ ಕೂತು ಕ್ಯಾನ್ವಾಸ್ ಶೂ ಉಜ್ಜುತ್ತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹಗ್ಗ ಕಟ್ಟಿದ್ದು, ಮಗುಚಿದ್ದು, ಮೀನುಗಾರ ಬಂದದ್ದು, ಬಾಯಿ ಮುಚ್ಚಿಕೊಂಡದ್ದು. ಅವರು ತಲೆಯೆತ್ತಲಿಲ್ಲ.

"ನಂಗೊತ್ತು" ಎಂದರು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆ ಮೀನುಗಾರನನ್ನ ಕಳಿಸಿದ್ದೇ ನಾನು. ನಾನು ಬಸ್ ಹತ್ತಿದೆ ಅಂತ ನಿಮಗ್ಯಾರು ಹೇಳಿದ್ದು? ಬಂದರಿಗೆ ಹೋಗಿ ಅವನ ಕಾಲು ಹಿಡಿದೆ. ದುರ್ಬೀನು ಹಿಡ್ಕೊಂಡು ನಿಂತಿದ್ದೆ. ನಾಲ್ಕು ಹಾಯಿ ಇದ್ದದ್ದು ಮೂರಾಯ್ತು, ಓಡು ಅಂದೆ. ನೀವೆಲ್ಲ ವಾಪಸ್ ಬಂದು ಹಲ್ಲು ಕಿರಿದು ಫೋಟೊ ತೆಗೆಸ್ಕೊಂಡ ಮೇಲೇನೆ ನಾನು ಹೊರಟಿದ್ದು."

ನನಗೆ ಅಳು ಒತ್ತರಿಸಿ ಬಂತು. "ಸನ್ಮಾನದ ದಿನ ಯಾಕೆ ಎದ್ದು ಹೇಳ್ಲಿಲ್ಲ ಮೇಡಂ?"

ಆಗ ತಲೆಯೆತ್ತಿದರು. ಅಂಥ ಸಿಟ್ಟನ್ನು ಅವರ ಮುಖದಲ್ಲಿ ಅದುವರೆಗೆ ನಾನು ಕಂಡಿರಲಿಲ್ಲ. "ನಾನು ಹೇಳಿದ್ರೆ ಮುದುಕಿಗೆ ಹೊಟ್ಟೆಕಿಚ್ಚು ಅಂತಿದ್ರಿ. ನೀರಿಗೆ ಬಿದ್ದವಳು ನೀನು. ನೀನು ಹೇಳ್ಬೇಕಿತ್ತು. ಐದು ತಿಂಗಳು ಗೇಟಿನ ಸದ್ದಾದಾಗೆಲ್ಲ ಬಗ್ಗಿ ನೋಡ್ದೆ. ಎಂಟು ಜನರಲ್ಲಿ ಒಂದು ನಾಯಿನೂ ಬರ್ಲಿಲ್ಲ."

"ತಪ್ಪಾಯ್ತು ಮೇಡಂ. ಕ್ಷಮಿಸಿ."

"ಕ್ಷಮಿಸಲ್ಲ. ಆ ಹನ್ನೆರಡು ಮಕ್ಕಳಿಗೆ ಹೋಗಿ ಹೇಳು. ನಿನ್ನ ಭಾಗಾನೂ ಸೇರಿಸಿ ಹೇಳು. ಆಮೇಲೆ ಬಾ, ಕಾಫಿ ಕೊಡ್ತೀನಿ." ಅಂದು ನಿಜವಾಗಿಯೂ ಕಾಫಿ ಕೊಡಲಿಲ್ಲ.

ಆ ಶನಿವಾರ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ಸಭೆ ಇತ್ತು. ಅಧ್ಯಕ್ಷರು ಕಳೆದ ಯಾನದ ಫೋಟೊಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ನಾನು ಎದ್ದು ನಿಂತೆ. ಒಂದನ್ನೂ ಬಿಡದೆ ಹೇಳಿದೆ. ಸುಳ್ಳು ಹೇಳಿ ಶಾಲು ಹೊದ್ದುಕೊಂಡದ್ದನ್ನೂ ಹೇಳಿದೆ.

"ಪಾಪ, ಆ ಮೇಡಂ ಇವರ ತಲೆ ಕೆಡಿಸಿದಾರೆ" ಎಂದು ಅಧ್ಯಕ್ಷರು ನಕ್ಕರು. ಅಂದು ದ್ವೀಪಕ್ಕೆ ಬಂದಿದ್ದ ಉಳಿದ ಆರು ಜನರೂ ಅಲ್ಲೇ ಕೂತಿದ್ದರು. ಒಬ್ಬರು ಫೋನು ನೋಡಿಕೊಂಡರು, ಇನ್ನೊಬ್ಬರು ಫ್ಯಾನು ನೋಡಿದರು. ಒಬ್ಬರೂ ಹೌದು ಎನ್ನಲಿಲ್ಲ. ಆಗ ಮಾತ್ರೆ ಕೊಂಡುಹೋದ ಹುಡುಗಿ ಎದ್ದಳು.

"ಸರ್, ಒಂದೇ ಪ್ರಶ್ನೆ. ಹಗ್ಗ ಕಟ್ಟಿದ್ರಾ?"

ಅಧ್ಯಕ್ಷರು ನೀರಿನ ಬಾಟಲಿಯ ಮುಚ್ಚಳ ತೆಗೆದರು, ಹಾಕಿದರು. ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಎಬ್ಬಿಸಿಕೊಂಡು ಹೊರಟರು. ಯಾನ ನಿಂತಿತು. ಅಂಗಡಿ ಖಾಲಿ ಮಾಡಬೇಕೆಂದು ನನಗೆ ವಾರದೊಳಗೆ ನೋಟಿಸು ಬಂತು. ಅದೇ ರಸ್ತೆಯಲ್ಲಿ ಸಣ್ಣದೊಂದು ಮಳಿಗೆ ಹಿಡಿದೆ.

ಯಾನ ನಿಲ್ಲಿಸಿದ ಸುದ್ದಿ ಹೇಳಿ ಶಹಬ್ಬಾಸ್ ಎನ್ನಿಸಿಕೊಳ್ಳಬೇಕೆಂದು ಮೇಡಂಗೆ ಫೋನು ಮಾಡಿದೆ. ಅವರು ಕಿರುಚಿದರು. "ಹೋಗ್ಬೇಡಿ ಅಂತ ನಾನ್ಯಾವತ್ತು ಅಂದೆ? ಆವತ್ತು ಬೇಡ ಅಂದೆ, ಅಷ್ಟೇ. ಮಕ್ಕಳ ಆಸೆಗೆ ಯಾಕ್ ಕಲ್ಲು ಹಾಕ್ತೀಯ? ಕರ್ಕೊಂಡ್ ಬಾ ಭಾನುವಾರ."

ಏಳು ಜನ ಬಂದರು. ಮತ್ತೆ ಜಗಲಿ, ಮತ್ತೆ ನಕಾಶೆ, ಮತ್ತೆ ಬೈಗುಳ. ಕರಾವಳಿಯ ಹಳೆಯ ಸ್ನೇಹಿತರೊಬ್ಬರಿಂದ ನಾಲ್ಕು ದೋಣಿ ಕೇಳಿ ಪಡೆದರು. ಅದೇ ಮೀನುಗಾರರನ್ನು ಹಿಂದೆ ಬರಲು ಒಪ್ಪಿಸಿದರು. ಬೇಕೆಂದೇ ದೋಣಿ ಮಗುಚಿಸಿ, ಮತ್ತೆ ನೆಟ್ಟಗೆ ನಿಲ್ಲಿಸುವುದನ್ನು ನಮಗೆ ಸಾಕುಸಾಕಾಗುವ ತನಕ ಮಾಡಿಸಿದರು. ನನಗೆ ಕಾಫಿಯೂ ಸಿಕ್ಕಿತು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಹೊರಡಲು ಎರಡು ವಾರವಿತ್ತು. ಒಂದು ಬೆಳಿಗ್ಗೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಮೇಡಂ ಹಾಗೆಯೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡುವ ದಿನ ಅಧ್ಯಕ್ಷರು ದೊಡ್ಡ ಹಾರ ತಂದರು. "ನಮ್ಮ ಕ್ಲಬ್ಬಿನ ಸ್ಫೂರ್ತಿ" ಎಂದು ಮೇಡಂ ಫೋಟೊ ಹಾಕಿ, ಕೆಳಗೆ ತಮ್ಮ ಫೋಟೊ ಇನ್ನೂ ದೊಡ್ಡದಾಗಿ ಹಾಕಿ ಫ್ಲೆಕ್ಸ್ ಕಟ್ಟಿಸಿದರು. ನಾನು ಹೋಗಿ ಕಿತ್ತು ಹಾಕಿದೆ. ಬೀದಿಯವರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಬದುಕಿದ್ದಾಗ ಅವರಿಗೆ ಒಂದು ಕ್ಷಮೆಯ ಮಾತು ಹೇಳಲಾಗದವರು ಹಾರ ಹಾಕಲು ಮಾತ್ರ ಸಾಲು ನಿಂತಿದ್ದರು.

ಯಾನ ಮುಂದೆ ಹಾಕೋಣವೆಂದೆ. ಮೇಡಂ ಅವರ ಯಜಮಾನರು ಒಪ್ಪಲಿಲ್ಲ. "ಅವಳು ದಿನ ಗೊತ್ತು ಮಾಡಿದಾಳೆ. ಗಾಳಿ ಸರಿ ಇದ್ರೆ ಹೋಗ್ಬನ್ನಿ" ಎಂದರು. ಗಾಳಿ ಸರಿಯಿತ್ತು. ಅವರು ಬರೆಸಿದಂತೆಯೇ ಮುಂಜಾನೆಯ ಮೆಲುಗಾಳಿಯಲ್ಲಿ ಹೊರಟು ನಾಲ್ಕೂ ದೋಣಿಗಳು ದ್ವೀಪ ಮುಟ್ಟಿದವು.

ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಕೂತು ಊಟ ಮಾಡಿದೆವು. ಮೇಡಂ ಬಗ್ಗೆ ಎರಡು ಮಾತು ಹೇಳಿ ಎಂದು ಮಕ್ಕಳು ಕೇಳಿದರು. ಮೆತ್ತಗೆ ಏನಾದರೂ ಹೇಳಬೇಕೆಂದು ಎದ್ದೆ. ಬಂದದ್ದೆಲ್ಲ ಸಿಟ್ಟೇ. ಎಂಟು ಜನ ಸಹಿ ಹಾಕಿಯೂ ಬಾಯಿ ಮುಚ್ಚಿಕೊಂಡದ್ದು, ಶಾಲು ಹೊದ್ದು ನಕ್ಕದ್ದು, ಐದು ತಿಂಗಳು ಅವರು ಗೇಟು ನೋಡುತ್ತ ಕೂತದ್ದು. ಹೇಳುತ್ತ ಹೇಳುತ್ತ ದನಿ ಏರಿತು. ನಾನು ಕೂಗಾಡುತ್ತಿದ್ದೆ.

"ಮೇಡಂ" ಎಂದು ಹಗ್ಗದ ಪ್ರಶ್ನೆ ಕೇಳಿದ್ದ ಹುಡುಗಿ ನಡುವೆ ಬಾಯಿ ಹಾಕಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸಮುದ್ರ ನೋಡುತ್ತಿದ್ದಳು. "ಗಾಳಿ ತಿರುಗ್ತು. ಮಾತು ಸಾಕು, ಹೊರಡಣ."

ನಾನು ಅಲ್ಲಿಗೇ ಮಾತು ನಿಲ್ಲಿಸಿ, ದೋಣಿ ನೀರಿಗೆ ತಳ್ಳಲು ಕೈ ಕೊಟ್ಟೆ.